ಹಾಲ್‌ನಲ್ಲೊಂದು ಕಡಲು, ಅದನ್ನು ಹೊತ್ತ ಮರದ ಸ್ಟ್ಯಾಂಡು

ನಮ್ಮ ಮನೆಗೆ ಬಂದವರು ಮೊದಲು ಕೇಳೋದು ಒಂದೇ ಪ್ರಶ್ನೆ: "ಮೀನು ಎಷ್ಟಿದೆ?"

ಎರಡು ಅಂದರೆ ಮುಖ ಸಪ್ಪಗಾಗುತ್ತೆ. ಐದಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ನಾನೂರು ಲೀಟರ್ ಉಪ್ಪುನೀರು, ಮೇಲೆ ನೀಲಿ ಲೈಟು. ಒಳಗೆ ಬೆರಳುದ್ದದ ಎರಡು ಕ್ಲೌನ್ ಫಿಶ್. ಇಷ್ಟಕ್ಕಾ ಇಷ್ಟೆಲ್ಲ ಅನ್ನೋ ಭಾವ. ತೊಟ್ಟಿಯ ಕೆಳಗಿರುವ ಸ್ಟ್ಯಾಂಡನ್ನಂತೂ ಯಾರೂ ನೋಡಲ್ಲ. ನೋಡಿದರೂ "ಟೀವಿ ಯೂನಿಟ್ ಥರ ಇದೆ" ಅಂತಾರೆ.

ಈ ಸಲ ಆ ಸ್ಟ್ಯಾಂಡಿನ ಕಥೆಯನ್ನೇ ಹೇಳ್ತೀನಿ.

ನಾನು ಗಂಗೊಳ್ಳಿಯವಳು. ಪಂಚಗಂಗಾವಳಿ ಕಡಲು ಸೇರುವ ಜಾಗದಲ್ಲೇ ಬೆಳೆದವಳು. ಆದರೂ ಕಡಲಿನ ಒಳಗೆ ಏನಿದೆ ಅಂತ ಮೊದಲ ಸಲ ನೋಡಿದ್ದು ಇಪ್ಪತ್ತೊಂಬತ್ತನೇ ವಯಸ್ಸಿಗೆ, ಬೆಂಗಳೂರಿನ ಆಫೀಸಿನವರ ಜೊತೆ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಮಾಡೋಕೆ ಹೋದಾಗ! ಅವತ್ತಿನಿಂದ ತಲೆಯಲ್ಲಿ ಒಂದೇ ಹುಳ. ಮನೆಯಲ್ಲಿ ಒಂದು ಸಮುದ್ರ ಬೇಕು, ದೊಡ್ಡದೇ ಬೇಕು.

ಎರಡು ವರ್ಷ ಯೂಟ್ಯೂಬ್ ನೋಡಿದೆ, ದುಡ್ಡು ಕೂಡಿಟ್ಟೆ. ಕಳೆದ ಡಿಸೆಂಬರಿನಲ್ಲಿ ಶುರು ಮಾಡೋ ಹೊತ್ತಿಗೆ ಮನೆಯಲ್ಲಿ ಅಪ್ಪಯ್ಯನೂ ಇದ್ದರು. ಅಮ್ಮ ಹೋಗಿ ಏಳು ತಿಂಗಳಾಗಿತ್ತು. ಊರಲ್ಲಿ ಒಬ್ಬರೇ ಇರೋದು ಬೇಡ ಅಂತ ನಾನೇ ಹಟ ಮಾಡಿ ಕರೆತಂದಿದ್ದೆ. ಜೀವನಪೂರ್ತಿ ಮರದ ದೋಣಿ ಕಟ್ಟಿದ ಮನುಷ್ಯ. ಫೈಬರ್ ದೋಣಿಗಳು ಬಂದ ಮೇಲೆ ಕಿಟಕಿ, ಬಾಗಿಲು ಮಾಡ್ತಿದ್ದರು. ಇಲ್ಲಿ ಬೆಳಗ್ಗೆ ಬಾಲ್ಕನಿಯಲ್ಲಿ ಕೂತರೆ ಸಂಜೆವರೆಗೂ ಅಲ್ಲೇ. ನಾನು ಒಂದು ಕಾಲ್‌ನಿಂದ ಇನ್ನೊಂದು ಕಾಲ್‌ಗೆ ಹಾರ್ತಾ, ಮಧ್ಯೆ ಬಂದು ಚಹಾ ಕೊಟ್ಟು ಹೋಗ್ತಿದ್ದೆ.

ನನ್ನ ಪ್ಲಾನ್ ಕೇಳಿ ಅವರು ಅಂದಿದ್ದು ಇಷ್ಟು: "ಕಡ್ಲಲ್ಲಿಪ್ಪುದನ್ನ ತಂದ್ ಮೂರ್ನೇ ಮಾಳಿಗಿ ಮೇಲೆ ಕಟ್ಟಿ ಹಾಕುದಾ?"

ನಾನು ನಕ್ಕು ಸುಮ್ಮನಾದೆ. ಆ ಮಾತು ಮೀನಿನ ಬಗ್ಗೆ ಮಾತ್ರ ಅಂದುಕೊಂಡಿದ್ದೆ.

ಮೊದಲು ಭಾರ, ಆಮೇಲೆ ಮೀನು

ನನ್ನ ಮೊದಲ ಅಳತೆ 150 ಸೆಂ.ಮೀ. ಉದ್ದ, 60 ಅಗಲ, 60 ಎತ್ತರ. ರೆಡಿಮೇಡ್ ಸ್ಟ್ಯಾಂಡ್ ಆರ್ಡರ್ ಮಾಡೋ ಹೊತ್ತಿಗೆ ಅಪ್ಪಯ್ಯ ಕೇಳಿದರು, "ಒಟ್ಟ್ ಎಷ್ಟ್ ಭಾರ?" ನನಗೆ ಗೊತ್ತಿರಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ನೀರು, 12 ಎಂ.ಎಂ. ಗಾಜು, ಕಲ್ಲು, ಮರಳು, ಕೆಳಗಿನ ಸಂಪ್, ಸ್ಟ್ಯಾಂಡು ಎಲ್ಲ ಸೇರಿ ಮುಕ್ಕಾಲು ಟನ್ ದಾಟಿ ಹೋಯ್ತು!

ವಾಸದ ಮನೆಯ ಕೋಣೆಗೆ ನಮ್ಮ ದೇಶದ ಕಟ್ಟಡ ಮಾನದಂಡ ಇಟ್ಟುಕೊಳ್ಳೋ ಲೈವ್ ಲೋಡ್ ಚದರ ಮೀಟರಿಗೆ ಸುಮಾರು 200 ಕೆ.ಜಿ. ನನ್ನ ತೊಟ್ಟಿ ನಿಲ್ಲೋ ಜಾಗ ಒಂದು ಚದರ ಮೀಟರಿಗಿಂತಲೂ ಕಡಿಮೆ. ಹಾಗಂತ ಸ್ಲ್ಯಾಬ್ ತಕ್ಷಣ ಕುಸಿದುಬಿಡುತ್ತೆ ಅಂತಲ್ಲ, ಭಾರ ಅಕ್ಕಪಕ್ಕಕ್ಕೂ ಹಂಚಿಹೋಗುತ್ತೆ. ಆದರೆ ಅದನ್ನ ತೀರ್ಮಾನ ಮಾಡಬೇಕಾದವರು ನಾವಲ್ಲ. ಫೀಸ್ ಕೊಟ್ಟು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನ ಕರೆಸಿದೆ. ಅವರು ಡ್ರಾಯಿಂಗ್ ನೋಡಿ ಎರಡು ಮಾತು ಹೇಳಿದರು. ಹಾಲಿನ ನಡುವೆ ಬೇಡ, ಕೆಳಗೆ ಬೀಮ್ ಹಾದುಹೋಗೋ ಗೋಡೆಗೆ ಒತ್ತಿ ಇಡಿ. ಎತ್ತರ 60ರಿಂದ 50ಕ್ಕೆ ಇಳಿಸಿ.

ಎತ್ತರ ಇಳಿಸಿದ್ದರಿಂದ ಇನ್ನೊಂದು ಲಾಭವೂ ಆಯ್ತು. ಗಾಜಿನ ಮೇಲಿನ ನೀರಿನ ಒತ್ತಡ ಹೆಚ್ಚೋದು ಆಳದಿಂದ, ಉದ್ದದಿಂದ ಅಲ್ಲ. ಹಾಗಾಗಿ ಗಾಜಿಗೂ, ಅಂಟಿಗೂ ಒತ್ತಡ ಕಡಿಮೆಯಾಯ್ತು. ಕೊನೆಯ ಲೆಕ್ಕ ಸುಮಾರು 725 ಕೆ.ಜಿ. ಅಂದರೆ ಹನ್ನೊಂದು ಜನ ಒಂದು ದೀವಾನದ ಜಾಗದಲ್ಲಿ ಹಗಲೂ ರಾತ್ರಿ ನಿಂತ ಹಾಗೆ.

"ಹನ್ನೊಂದ್ ಜನ ನಿಂತ್ರೆ ಆ ರೆಡಿಮೇಡ್ ಉಳೀತಿಲ್ಲೆ" ಅಂದರು ಅಪ್ಪಯ್ಯ. ಮರುದಿನ ಬೆಳಗ್ಗೆ ಬಾಲ್ಕನಿಯಲ್ಲಿ ಅವರಿರಲಿಲ್ಲ. ಆಟೋ ಹಿಡಿದು ಮರದ ಮಂಡಿಗೆ ಹೋಗಿದ್ದರು.

ಸ್ಕ್ರೂ ಹೊರಲ್ಲ

ತಂದಿದ್ದು ಹೊನ್ನೆ ಮರ. ಮೂರಿಂಚು ದಪ್ಪದ ಆರು ಕಾಲು, ಮೇಲೊಂದು ಚೌಕಟ್ಟು, ಕೆಳಗೊಂದು. ಅಪ್ಪಯ್ಯನ ಕೆಲಸ ನೋಡ್ತಾ ನಾನು ಕಲಿತಿದ್ದನ್ನ ನಿಮಗೂ ಹೇಳ್ತೀನಿ, ನಾಳೆ ಪುಸ್ತಕದ ಕಪಾಟು ಮಾಡಿಸೋವಾಗಲೂ ಉಪಯೋಗಕ್ಕೆ ಬರುತ್ತೆ. ಮೇಲಿನ ಚೌಕಟ್ಟು ಕಾಲುಗಳ ತಲೆಯ ಮೇಲೆ ಕೂರಬೇಕು. ಕಾಲಿನ ಪಕ್ಕಕ್ಕೆ ಸ್ಕ್ರೂ ಹೊಡೆದು ನೇತುಹಾಕಿದರೆ ಪೂರ್ತಿ ಭಾರ ಆ ನಾಲ್ಕು ಸ್ಕ್ರೂ ಮೇಲೆ ಬೀಳುತ್ತೆ. "ಸ್ಕ್ರೂ ಇಪ್ಪುದ್ ಹಿಡ್ಕಂಬುಕೆ, ಹೊರುಕಲ್ಲ. ಹೊರುಕೆ ಮರವೇ ಬೇಕ್" ಅಂದರು.

ಮೇಲೆ 18 ಎಂ.ಎಂ. ಮರೈನ್ ಪ್ಲೈವುಡ್. ಹಿಂದಿನ ಬದಿಗೂ ಒಂದು ಹಲಗೆ, ಸ್ಟ್ಯಾಂಡ್ ಅಡ್ಡಕ್ಕೆ ವಾಲದ ಹಾಗೆ. ಉಪ್ಪುನೀರಿನ ಹನಿ ಎಲ್ಲಿ ಒಣಗಿದರೂ ಬಿಳಿ ಪುಡಿ ಬೆಳೀತಾ ಹೋಗುತ್ತೆ, ಸಾಧಾರಣ ಕಬ್ಬಿಣವನ್ನ ತಿಂದು ಹಾಕುತ್ತೆ. ಅದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಒಳಗಡೆ ಎರಡು ಕೋಟ್ ಎಪಾಕ್ಸಿ. ಗಾಜಿನ ಕೆಳಗೆ ತೆಳ್ಳಗಿನ ಫೋಮ್ ಶೀಟ್, ಮರಳಿನ ಒಂದು ಕಾಳು ಸಿಕ್ಕಿಕೊಂಡರೂ ಗಾಜಿಗೆ ಪೆಟ್ಟಾಗದ ಹಾಗೆ.

ಆಮೇಲೆ ಮಟ್ಟ. ನಮ್ಮ ಹಾಲಿನ ನೆಲ ಒಂದು ಕಡೆ 4 ಎಂ.ಎಂ. ತಗ್ಗಿತ್ತು. ಸ್ಟ್ಯಾಂಡ್ ವಾಲಿದರೆ ನೀರು ವಾಲಲ್ಲ, ಗಾಜಿನ ಒಂದು ಮೂಲೆ ತೊಂದರೆ ತಗೊಳ್ಳುತ್ತೆ. ಅಪ್ಪಯ್ಯ ಒಂದಿಡೀ ದಿನ ರಸಮಟ್ಟ ಇಟ್ಟುಕೊಂಡು ಕಾಲಿನ ಕೆಳಗೆ ಪಟ್ಟಿ ಕೊಟ್ಟು, ತೆಗೆದು, ಮತ್ತೆ ಕೊಟ್ಟರು. ನಾನು "ಸಾಕು ಬಿಡಿ" ಅಂದೆ. "ದೋಣಿಲಿ ನೀರ್ ಹೊರಗಿರತ್ತ್, ಇಲ್ಲಿ ಒಳಗಿರತ್ತ್. ನೀರ್ ಅಂತೂ ಯಾರ್ ಮಾತೂ ಕೇಣುದಿಲ್ಲ" ಅಂದರು. ಊಟಕ್ಕೆ ಕರೆದರೂ ಏಳಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಅವರು ಊಟ ಮರೆತಿದ್ದು ಅದೇ ಮೊದಲು.

ನಾನು ಮಾಡಿದ ತಪ್ಪು

ಫೆಬ್ರುವರಿಯಲ್ಲಿ ನೀರು ತುಂಬಿಸಿದೆವು. ಅಡುಗೆ ಉಪ್ಪು ಹಾಕಿದರೆ ಸಮುದ್ರ ಆಗಲ್ಲ. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತೆ. ಅದಕ್ಕೆ ಮರೈನ್ ಸಾಲ್ಟ್ ಬೇಕು. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಹದಿನಾರು ಕೆ.ಜಿ. ಮೀರಿ ಹಿಡಿಯಿತು, ಅದೂ ಆರ್‌ಒ ನೀರಿಗೆ.

ಕಲ್ಲಿನ ವಿಷಯದಲ್ಲೂ ಒಂದು ಪಾಠ. ನೇತ್ರಾಣಿಯಲ್ಲಿ ನೋಡಿದ ಹವಳ ನನ್ನ ತೊಟ್ಟಿಯಲ್ಲೂ ಇರಲಿ ಅಂತ ಆಸೆ ಇತ್ತು. ಆದರೆ ನಮ್ಮ ಕಡಲಿನ ಬಂಡೆ ಕಟ್ಟುವ ಹವಳ, ಸೀ ಫ್ಯಾನ್, ಕಡಲಕುದುರೆ ಇವೆಲ್ಲ ಹುಲಿಯ ಹಾಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಿತ್ತು ತರೋದು ಅಪರಾಧ. ಹಾಗಾಗಿ ನಮ್ಮ ಮನೆಯದ್ದು ಸೆರಾಮಿಕ್ ಕಲ್ಲು, ಒಣಗಿದ್ದು, ಜೀವವಿಲ್ಲದ್ದು.

ಜೀವ ಅದರ ಮೇಲೆ ನಿಧಾನಕ್ಕೆ ಬರಬೇಕು. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತೆ, ಅದು ಮೀನಿಗೇ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ, ಅದು ಮಿತಿಯಲ್ಲಿದ್ದರೆ ಮೀನು ತಡೆದುಕೊಳ್ಳುತ್ತೆ. ಈ ಎರಡೂ ಕಲ್ಲು, ಮರಳಿನ ಮೇಲೆ ಬೆಳೆಯೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅಷ್ಟು ದಿನ ಖಾಲಿ ತೊಟ್ಟಿ ನೋಡ್ತಾ ಕೂರಬೇಕು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅಂಗಡಿಯವರು "ಡ್ಯಾಮ್‌ಸೆಲ್ ಗಟ್ಟಿ ಮೀನು ಮೇಡಂ, ಬಿಡಿ, ಏನೂ ಆಗಲ್ಲ" ಅಂದಾಗ ತಡೆಯೋಕಾಗಲಿಲ್ಲ. ಶನಿವಾರ ಫ್ರೆಂಡ್ಸ್ ಬರೋರಿದ್ದರು. ನಾಲ್ಕನೇ ದಿನವೇ ಮೂರು ನೀಲಿ ಮೀನು ತಂದು ಬಿಟ್ಟೆ. ಫೋಟೋ ಹಾಕಿದೆ, ಲೈಕ್ಸ್ ಬಂತು.

ಸೋಮವಾರ ಟೆಸ್ಟ್ ಕಿಟ್‌ನಲ್ಲಿ ಬಣ್ಣ ಕಡು ಹಸಿರು. ಮಂಗಳವಾರ ಬೆಳಗ್ಗೆ ಎರಡು ಮೀನು ತಳದಲ್ಲಿ ಬಿದ್ದಿದ್ದವು. ಮೂರನೆಯದನ್ನ ಅಂಗಡಿಗೆ ವಾಪಸ್ ಕೊಟ್ಟು ಬಂದೆ.

ಅಪ್ಪಯ್ಯ ಬೈಯಲಿಲ್ಲ. "ಮರ ಒಣಗುವ ಮೊದ್ಲ್ ಹಲಗಿ ಕೂಡ್ಸಿರೆ ಆಮೇಲೆ ಬಾಯಿ ಬಿಡತ್ತ್" ಅಂದರು ಅಷ್ಟೇ. ಆಮೇಲೆ ಐದು ವಾರ ಅವರೇ ದಿನಾ ಬೆಳಗ್ಗೆ ಟೆಸ್ಟ್ ಟ್ಯೂಬ್ ಅಲುಗಾಡಿಸಿ, ಬಣ್ಣದ ಚೀಟಿ ಪಕ್ಕ ಹಿಡಿದು ನೋಡಿದರು. ಎಷ್ಟೋ ದಿನ ಏನೂ ಬದಲಾಗಲಿಲ್ಲ. ಮಾರ್ಚ್ ಕೊನೆಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಆಗ ಬಂದಿದ್ದು ಈ ಎರಡು ಕ್ಲೌನ್ ಫಿಶ್. ಕಡಲಿನಿಂದ ಹಿಡಿದಿದ್ದಲ್ಲ, ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಹೀಗೆ ಮರಿ ಮಾಡಿಸೋ ವಿಧಾನವನ್ನ ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೂ ರೂಪಿಸಿದೆ. ಕೇಳಿ ತಗೊಂಡರೆ ಇಂಥ ಮೀನು ಸಿಗುತ್ತೆ.

ಕರೆಂಟ್ ಹೋದ ರಾತ್ರಿ

ಏಪ್ರಿಲ್ ಕೊನೆಯ ಗಾಳಿಮಳೆಗೆ ರಾತ್ರಿ ಎರಡೂವರೆಗೆ ಕರೆಂಟ್ ಹೋಯ್ತು. ಸ್ವಲ್ಪ ಹೊತ್ತಿಗೆ ಇನ್ವರ್ಟರೂ ಮಲಗಿತು. ಪಂಪ್ ನಿಂತರೆ ನೀರು ಅಲುಗಾಡಲ್ಲ, ನೀರು ಅಲುಗಾಡದಿದ್ದರೆ ಆಮ್ಲಜನಕ ಇಳೀತಾ ಹೋಗುತ್ತೆ.

ಆಗ ನೆನಪಾಗಿದ್ದು ಅನ್ನಾ ಥಿನ್. 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ಕಡಲೂರಿನಿಂದ ಲಂಡನ್ನಿಗೆ ಹವಳ ತಂದು ಮನೆಯಲ್ಲಿ ಸಾಕಿದ ಹೆಣ್ಣುಮಗಳು. ಪಂಪ್ ಇಲ್ಲದ ಕಾಲ. ತೆರೆದ ಕಿಟಕಿಯ ಮುಂದೆ ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ಗಾಳಿ ಸೇರಿಸ್ತಿದ್ದರಂತೆ, ಅದೂ ಹೆಚ್ಚಾಗಿ ಮನೆಕೆಲಸದವಳ ಕೈಯಲ್ಲಿ. ನಮ್ಮ ಮನೆಯಲ್ಲಿ ಆ ಕೆಲಸಕ್ಕೆ ನಾನು, ಅಪ್ಪಯ್ಯ ಮತ್ತು ಬಚ್ಚಲಿನ ಎರಡು ಹೊಸ ಮಗ್ಗು.

ಮಗ್ಗಿನಲ್ಲಿ ಎತ್ತೋದು, ಎತ್ತರದಿಂದ ಸುರಿಯೋದು. ಮೊಬೈಲ್ ಟಾರ್ಚಿನ ಬೆಳಕು. ಸರದಿ ಮೇಲೆ ಮೂರು ಗಂಟೆ ಸುರಿದೆವು. ಕತ್ತಲಲ್ಲಿ ಮುಖ ಕಾಣಲ್ಲವಲ್ಲ, ಮಾತು ಸುಲಭ ಆಗುತ್ತೆ.

"ಮಳೆ ಹಿಡಿಯುವ ಮೊದ್ಲ್ ಊರಿಗ್ ಹೋತೆ" ಅಂದರು.

"ಇಲ್ಲಿ ಏನು ಕಡಿಮೆ ಆಗಿದೆ ಅಪ್ಪಯ್ಯ?"

"ಎಲ್ಲ ಸಮ ಇತ್ತ್ ಮಗಾ. ಆರೆ ನಂಗ್ ಇಲ್ಲ್ ಹೊತ್ತ್ ಹೋತಿಲ್ಲೆ. ಸ್ಟ್ಯಾಂಡ್ ಮಾಡುವತ್ತಿಗೆ ಗೊತ್ತಾಯ್ತ್, ಕೈ ಇನ್ನೂ ಇತ್ತ್ ಅಂತ. ಅಲ್ಲಾರೆ ಯಾರಾರೂ ಕೆಲ್ಸ ಹೇಳ್ತ್ರ್."

ನನಗೆ ಬೇಜಾರಾಯ್ತು, ಸುಳ್ಳು ಹೇಳಲ್ಲ. ಅವರನ್ನ ಚೆನ್ನಾಗಿ ನೋಡಿಕೊಳ್ತಿದ್ದೀನಿ ಅಂದುಕೊಂಡಿದ್ದೆ. ಔಷಧಿ ಟೈಮಿಗೆ, ಊಟ ಟೈಮಿಗೆ, ಟೀವಿ, ವೈಫೈ. ಡಿಸೆಂಬರಿನಲ್ಲಿ ಅವರು ಆಡಿದ "ಕಟ್ಟಿ ಹಾಕುದಾ" ಅನ್ನೋ ಮಾತು ಆಗ ಕಿವಿಗೆ ಬಿತ್ತು. ಮಗ್ಗು ಕೈಯಲ್ಲಿತ್ತು, ಸುರಿಯೋದು ನಿಲ್ಲಿಸೋ ಹಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಹೂಂ, ಹೋಗಿ" ಅಂದೆ.

ಐದೂವರೆಗೆ ಕರೆಂಟ್ ಬಂತು. ಮೀನು ಎರಡೂ ಬದುಕಿದವು. ಅವತ್ತೇ ಬ್ಯಾಟರಿ ಏರ್ ಪಂಪ್ ತರಿಸಿದೆ. ನೀವು ಮೊದಲೇ ತರಿಸಿ.

ಮೇ ನಡುವಿಗೆ ಅಪ್ಪಯ್ಯ ಊರಿಗೆ ಹೋದರು. ಮಾಡಿನ ಹಂಚು ಸರಿ ಮಾಡಬೇಕಿತ್ತು. ಈಗ ಪಕ್ಕದ ಮನೆಯವರ ಬಾಗಿಲು ಮಾಡ್ತಿದ್ದಾರಂತೆ. ತಿಂಗಳಿಗೊಮ್ಮೆ ನಾನು ಹೋಗ್ತೀನಿ. ದಿನಾ ಸಂಜೆ ಫೋನ್. "ಉಂಡ್ಯಾ?" ಆದ ಮೇಲೆ ಎರಡನೇ ಪ್ರಶ್ನೆ "ಉಪ್ಪೆಷ್ಟಿತ್ತ್?" ನೀರು ಆವಿಯಾಗುತ್ತೆ, ಉಪ್ಪು ಹೋಗಲ್ಲ. ಹಾಗಾಗಿ ದಿನಾ ನಾಲ್ಕೈದು ಲೀಟರ್ ಸಿಹಿನೀರು ಹಾಕದಿದ್ದರೆ ಉಪ್ಪು ಏರ್ತಾ ಹೋಗುತ್ತೆ. "1.025" ಅಂತೀನಿ. "ಸಮ ಇತ್ತ್" ಅಂತಾರೆ.

ಮೊನ್ನೆ ಸಂಪ್ ತೊಳೆಯೋಕೆ ಸ್ಟ್ಯಾಂಡಿನೊಳಗೆ ತಲೆ ಹಾಕಿದ್ದೆ. ಬಾಗಿಲಿನ ಒಳಬದಿಯಲ್ಲಿ ಪೆನ್ಸಿಲ್ ಬರಹ ಕಂಡಿತು. ಪ್ರತಿ ಭಾನುವಾರದ ತಾರೀಕು, ಪಕ್ಕದಲ್ಲಿ "ಮಟ್ಟ ಸಮ". ನೀರು ತುಂಬಿದ ವಾರದಿಂದ ಅವರು ಹೊರಡೋ ಹಿಂದಿನ ಭಾನುವಾರದವರೆಗೆ, ಒಂದೂ ತಪ್ಪಿಲ್ಲ.

ರಸಮಟ್ಟ ಅಲ್ಲೇ ಮೂಲೆಯಲ್ಲಿ ಬಿಟ್ಟು ಹೋಗಿದ್ದರು. ಇಟ್ಟು ನೋಡಿದೆ. ಗುಳ್ಳೆ ನಡುವಿನಲ್ಲೇ ಇತ್ತು. ಪೆನ್ಸಿಲ್ ಹುಡುಕಿ ಅವತ್ತಿನ ತಾರೀಕು ಬರೆದೆ.