ನೆಟ್‌ವರ್ಕ್ ಅಲ್ಲ ಸಾಹೇಬ್ರೇ, ನಿಮ್ಮ ಸಭಾಂಗಣ

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಒಂದು ಸಭಾಂಗಣದಲ್ಲಿ ಬೆಳೆ ವಿಮೆ ಕುರಿತು ರೈತರ ಸಭೆ ಇತ್ತು. ವಿಮೆ ಕಂಪನಿಯವರು ಬರಲಿಲ್ಲ, ಫೋನಿನಲ್ಲಿ ಸಿಕ್ಕರು. ಸಾಹೇಬರು ತಮ್ಮ ಮೊಬೈಲನ್ನು ಸ್ಪೀಕರ್‌ಗೆ ಹಾಕಿ, ಉದ್ದನೆ ಮೇಜಿನ ತುದಿಯಲ್ಲಿ ನೀರಿನ ಬಾಟಲಿಗೆ ಒರಗಿಸಿ ಇಟ್ಟರು. ಎದುರಿಗೆ ಅರವತ್ತು ಜನ, ತಲೆ ಮೇಲೆ ಆರು ಫ್ಯಾನು. ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು, ಹೊಲದಲ್ಲಿ ನೀರು ನಿಂತು ಬೆಳೆ ಕೊಳೆತರೆ ಎಷ್ಟರೊಳಗೆ ತಿಳಿಸಬೇಕು ಅಂತ ಕೇಳಿದರು. ಫೋನಿನಿಂದ ಬಂದದ್ದು ಇಷ್ಟೇ: "...ಪ್ಪತ್ತೆರಡು... ಒಳಗೆ..."

ಇಪ್ಪತ್ತೆರಡೋ, ಎಪ್ಪತ್ತೆರಡೋ? ದಿನವೋ, ಗಂಟೆಯೋ?

"ನೆಟ್‌ವರ್ಕ್ ಸರಿ ಇಲ್ಲ, ಮುಂದಿನ ಪ್ರಶ್ನೆ" ಅಂದರು ಸಾಹೇಬರು.

ಅದು 72 ಗಂಟೆ. ಆಲಿಕಲ್ಲು ಮಳೆ, ಹೊಲ ಮುಳುಗಡೆಯಂಥ ನಷ್ಟವನ್ನು ಫಸಲ್ ಬಿಮಾ ಯೋಜನೆಯಲ್ಲಿ 72 ಗಂಟೆಯೊಳಗೆ ತಿಳಿಸಲೇಬೇಕು. ಆ ಹಿರಿಯರು 22 ದಿನ ಅಂದುಕೊಂಡು ಮನೆಗೆ ಹೊರಟಿದ್ದರು. ಬಾಗಿಲಲ್ಲಿ ನಿಲ್ಲಿಸಿ ಹೇಳಿದೆ. ಮಿಕ್ಕವರು ಏನಂದುಕೊಂಡು ಹೋದರೋ.

ನೆಟ್‌ವರ್ಕ್ ಮೇಲೆ ಹಾಕುವ ತಪ್ಪನ್ನು ನಾನು ಒಪ್ಪುವುದಿಲ್ಲ. ಯಾಕೆಂದರೆ ಮಧ್ಯದಲ್ಲಿ ಇದೇ ಸಾಹೇಬರು ಇದೇ ಫೋನನ್ನು ಕಿವಿಗಿಟ್ಟುಕೊಂಡು, ಅದೇ ಕುರ್ಚಿಯಲ್ಲಿ ಕೂತು ಎರಡು ನಿಮಿಷ ಆರಾಮಾಗಿ ಮಾತಾಡಿದರು. ಒಂದು ಸಲವೂ "ಹಲೋ ಹಲೋ" ಅನ್ನಲಿಲ್ಲ.

ದೂರವೇ ಇಲ್ಲಿ ಮೊದಲ ಶತ್ರು. ಬಾಯಿಗೂ ಫೋನಿಗೂ ಇರುವ ದೂರ ಎರಡರಷ್ಟಾದರೆ ನೇರ ತಲುಪುವ ದನಿಯ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಒಂದು ಅಡಿಯಿಂದ ಎಂಟು ಅಡಿಗೆ ಹೋದರೆ 64ರಲ್ಲಿ ಒಂದು ಪಾಲು. ಫ್ಯಾನಿನ ಸದ್ದು ಮಾತ್ರ ಅಷ್ಟೇ ಇರುತ್ತದೆ. ಅದರ ಮೇಲೆ ಟೈಲ್ಸ್ ನೆಲ, ಗಾಜಿನ ಕಿಟಕಿ, ಆರ್‌ಸಿಸಿ ಛಾವಣಿ. ಆಡಿದ ಮಾತು ಗೋಡೆಯಿಂದ ಗೋಡೆಗೆ ಬಡಿದು ಮುಂದಿನ ಮಾತಿನ ಮೇಲೆ ಬಂದು ಬೀಳುತ್ತದೆ. ಹಳೇ ಹೆಂಚಿನ ಕಟ್ಟಡದಲ್ಲಿ ಜಮಖಾನೆ ಹಾಸಿ ಕೂತಾಗ ಇಷ್ಟು ಗದ್ದಲ ಇರುತ್ತಿರಲಿಲ್ಲ. ಹೊಸ ಸಭಾಂಗಣ ಫೋಟೊಗೆ ಚೆಂದ, ಕಿವಿಗಲ್ಲ.

ಇನ್ನೊಂದು ವಿಷಯ. ಸ್ಪೀಕರ್‌ನಿಂದ ಬಂದ ದನಿ ಮತ್ತೆ ಮೈಕಿಗೆ ಹೋಗಿ ಪ್ರತಿಧ್ವನಿ ಆಗಬಾರದೆಂದು, ಎಷ್ಟೋ ಫೋನುಗಳು ಒಂದು ಕಡೆಯವರು ಮಾತಾಡುವಾಗ ಇನ್ನೊಂದು ಕಡೆಯ ದನಿಯನ್ನು ತಗ್ಗಿಸುತ್ತವೆ. ನಾವು "ಕೇಳಿಸ್ತಿಲ್ಲ, ಕೇಳಿಸ್ತಿಲ್ಲ" ಅಂತ ಕೂಗಿದಷ್ಟೂ ಆ ಕಡೆಯ ಮಾತು ಇನ್ನಷ್ಟು ಮುಳುಗುತ್ತದೆ. ಎಪ್ಪತ್ತೆರಡರ 'ಎ' ಹಾರಿಹೋದದ್ದು ಹೀಗೇ ಇರಬೇಕು.

ಅನುದಾನ ಇಲ್ಲ ಅನ್ನುತ್ತಾರೆ. ಗೋಡೆಗೆ ದೊಡ್ಡ ಟಿವಿ ಹಾಕಲು ದುಡ್ಡಿತ್ತು! ಇರಲಿ, ದುಡ್ಡೇ ಬೇಡ. ಪ್ರಶ್ನೆ ಕೇಳುವವರನ್ನು ಫೋನಿನ ಹತ್ತಿರ ಕರೆಯಿರಿ. ಹತ್ತು ನಿಮಿಷ ಫ್ಯಾನು ನಿಲ್ಲಿಸಿ, ಬೆವರಿದರೆ ಬೆವರುತ್ತೇವೆ, ಹೊಲದಲ್ಲಿ ಬೆವರದವರು ಯಾರಿದ್ದಾರೆ? ಎಲ್ಲಕ್ಕಿಂತ ಒಳ್ಳೆಯದು, ಸ್ಪೀಕರ್ ಆರಿಸಿ ಫೋನನ್ನು ನೀವೇ ಕಿವಿಗಿಟ್ಟುಕೊಳ್ಳಿ, ಬಂದ ಉತ್ತರವನ್ನು ಸಭೆಗೆ ಜೋರಾಗಿ ಹೇಳಿ, ಅಂಕಿಯನ್ನು ಬೋರ್ಡಿನ ಮೇಲೆ ಬರೆಯಿರಿ. ಏಳು, ಎರಡು, ಗಂಟೆ. ಆಗ ಉತ್ತರಕ್ಕೆ ಹೊಣೆ ನಿಮ್ಮದಾಗುತ್ತದೆ. ಬಹುಶಃ ಬೇಡವಾಗಿರುವುದು ಅದೇ.

ಯಾಕೆಂದರೆ ಆ ದಿನದ ನಡಾವಳಿಯಲ್ಲಿ "ರೈತರಿಗೆ ಸಂಪೂರ್ಣ ಮಾಹಿತಿ ನೀಡಲಾಯಿತು" ಅಂತ ಬರೆದಿದೆ. ಕೆಳಗೆ ಅರವತ್ತು ಸಹಿ, ಹೆಬ್ಬೆಟ್ಟು.

ಮುಂದಿನ ಸಲ ಹಾಜರಿ ಪುಸ್ತಕ ನಿಮ್ಮ ಕೈಗೆ ಬಂದಾಗ, ಹೆಸರಿನ ಪಕ್ಕ "ಕೇಳಿಸಲಿಲ್ಲ" ಅಂತ ಬರೆದು ಸಹಿ ಹಾಕಿ. ಬರೆಯಲು ಬಾರದವರಿಗೆ ಪಕ್ಕದವರು ಬರೆದುಕೊಡಿ. ಆ ಪುಟದ ಫೋಟೊ ನಮಗೆ ಕಳಿಸಿ, ಹಾಕುತ್ತೇವೆ.