ಡಬ್ ಆದ ಹೆಮ್ಮೆ

ತಳೇಗಾಂವ ದಾಭಾಡೆಯ ನಮ್ಮ ಮನೆಗೆ ಊರಿನಿಂದ ನೆಂಟರು ಬಂದಾಗಲೆಲ್ಲ ಒಂದೇ ಮಾತು: "ಕನ್ನಡ ಸಿನಿಮಾ ಈಗ ದೇಶಾನೇ ಆಳ್ತಿದೆ, ನಿಮಗೇನ್ರೀ ಕೊರತೆ?"

ಕೊರತೆ ಇದೆ ಸ್ವಾಮಿ. 2022ರಲ್ಲಿ 'ಕೆಜಿಎಫ್' ಎರಡನೇ ಭಾಗ, 'ಕಾಂತಾರ' ಎರಡನ್ನೂ ನನ್ನ ಮಗ ನೋಡಿದ್ದು ಹಿಂದಿಯಲ್ಲಿ. ರಾಕಿಯ ಡೈಲಾಗು ಬಾಯಿಪಾಠ. ಅಜ್ಜಿ ಫೋನಿನಲ್ಲಿ "ಊಟ ಆಯ್ತೇನೋ ಪುಟ್ಟಾ" ಅಂದರೆ ಮಾತ್ರ ನನ್ನ ಮುಖ ನೋಡುತ್ತಾನೆ. ಕನ್ನಡದ ಸಿನಿಮಾ ಗೆದ್ದಿರಬಹುದು. ನಮ್ಮ ಮನೆಯಲ್ಲಿ ಗೆದ್ದಿದ್ದು ಹಿಂದಿ.

ಡಬ್ಬಿಂಗೇ ಬೇಡ ಎನ್ನುತ್ತಿಲ್ಲ. ಪಕ್ಕದ ಮನೆಯ ಮರಾಠಿ ಕಾಕೂ 'ಕಾಂತಾರ' ನೋಡಿ ಭೂತಕೋಲದ ಬಗ್ಗೆ ಕೇಳಿದಾಗ ನನಗೂ ಖುಷಿಯಾಯಿತು. ಅವರಿಗೆ ಅದು ಸರಿ. ನಮ್ಮ ಮಕ್ಕಳಿಗೂ ಅದನ್ನೇ ಬಡಿಸಿ ಹೆಮ್ಮೆ ಪಡುತ್ತೇವಲ್ಲ, ನನ್ನ ತಕರಾರು ಅದಕ್ಕೆ. ಊರಲ್ಲಿರುವವರಿಗೆ ಸಿನಿಮಾ ಮನರಂಜನೆ; ಬೀದಿಯಲ್ಲಿ ಕನ್ನಡ ಕಿವಿಗೆ ಬೀಳದ ನಮಗೆ ಅದೇ ಶಾಲೆ.

ತಪ್ಪು ನನ್ನದೂ ಇದೆ. ಲೋಕಲ್ ಹಿಡಿದು ಪುಣೆಗೆ ಹೋಗಿದ್ದರೆ ಕನ್ನಡದ ಆಟವೇ ಸಿಗುತ್ತಿತ್ತು. ಸೋಮಾರಿತನ. "ಮಗುವಿಗೆ ಅರ್ಥವಾಗಲ್ಲ" ಎಂಬುದು ನೆಪ.

ಹೋದ ಭಾನುವಾರ ಹಟ ಹಿಡಿದು 1985ರ 'ಬೆಟ್ಟದ ಹೂವು' ಹಾಕಿದೆ. ಮೊದಲು ಗೊಣಗಿದ. 'ರಾಮಾಯಣ ದರ್ಶನಂ' ಕೊಳ್ಳಲು ಕಾಸು ಕೂಡಿಟ್ಟ ಪುಟ್ಟ ಪುನೀತ್ ಕೊನೆಗೆ ಮನೆಯವರಿಗೆ ಕಂಬಳಿ ಕೊಂಡಾಗ ಸುಮ್ಮನಾದ. ರಾತ್ರಿ ಮಲಗುವಾಗ ಕೇಳಿದ: "ಅಮ್ಮಾ, ಕಂಬಳಿ ಅಂದ್ರೆ ಕಂಬಲ್ ತಾನೇ?"

ಹೌದು ಕಂದಾ, ಅದೇ. ಮುಂದಿನ ಭಾನುವಾರ ಕಾಸರಗೋಡಿನ ಸರ್ಕಾರಿ ಶಾಲೆಯ ಸಿನಿಮಾ. ಗಡಿಯಾಚೆ ಕನ್ನಡಕ್ಕಾಗಿ ಹಟ ಹಿಡಿದ ಮಕ್ಕಳನ್ನೂ ಅವನು ನೋಡಲಿ.