ಜಾತ್ರೆಗೂ ಮುನ್ನ ಇಂಜೆಕ್ಷನ್ ಟ್ರೇ ಸರಿಯಾಗಲಿ

ಮೈಲಾರ: ಭರತ ಹುಣ್ಣಿಮೆ ಹೊತ್ತಿಗೆ ಮೈಲಾರಲಿಂಗೇಶ್ವರನ ಕಾರ್ಣಿಕ ಕೇಳೋಕೆ ಲಕ್ಷಾಂತರ ಜನ ಸೇರ್ತಾರೆ. ರಸ್ತೆ, ನೀರು, ಬಸ್ಸಿನ ಬಗ್ಗೆ ಸಭೆ ಮೇಲೆ ಸಭೆ ನಡೀತವೆ. ತುರ್ತು ಚಿಕಿತ್ಸೆಯ ಇಂಜೆಕ್ಷನ್ ಟ್ರೇ ಹೇಗಿದೆ ಅನ್ನೋದೂ ಅಷ್ಟೇ ಮುಖ್ಯ.

ನಮ್ಮ ಭಾಗದ ತುರ್ತು ಕೇಸುಗಳೇ ಬೇರೆ. ಹೊಲದಲ್ಲಿ ಹಾವು ಕಚ್ಚಿದವರು, ಕ್ರಿಮಿನಾಶಕ ಕುಡಿದವರು. ಕೆಲವು ಕ್ರಿಮಿನಾಶಕದ ವಿಷಕ್ಕೆ ಅಟ್ರೋಪಿನ್ ಒಂದರ ಹಿಂದೊಂದು ಕೊಡಬೇಕಾಗುತ್ತೆ. ಹಾವಿನ ವಿಷದ ಮದ್ದು ಮೈಗೆ ಒಗ್ಗದಿದ್ರೆ ಅಡ್ರಿನಾಲಿನ್ ಬೇಕು. ಎರಡೂ 1 ಎಂಎಲ್‌ನ ಪುಟ್ಟ ಗಾಜಿನ ಆಂಪೂಲ್‌ನಲ್ಲಿ ಬರ್ತವೆ. ಅಡ್ರಿನಾಲಿನ್ ದೊಡ್ಡವರಿಗೆ ಅರ್ಧ ಎಂಎಲ್, ಅದೂ ತೊಡೆಯ ಸ್ನಾಯುವಿಗೆ. ಹಾಗೇ ನರಕ್ಕೆ ಹೋದ್ರೆ ಬಿಪಿ ಒಮ್ಮೆಲೇ ಏರಿ ಹೃದಯಬಡಿತವೇ ತಪ್ಪಬಹುದು.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ಐವಿ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯವೇ ಮಾತಾಡಿತು. ಅದು ಔಷಧಿಯ ಗುಣಮಟ್ಟದ ಪ್ರಶ್ನೆ. ಔಷಧಿ ಒಳ್ಳೆಯದೇ ಇದ್ದು, ಕೈಗೆ ಬಂದದ್ದು ಬೇರೆಯಾದರೆ? 2022ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಎಚ್ಚರಿಕೆ ಕೊಟ್ಟಿತ್ತು. ಸಿಸೇರಿಯನ್ ವೇಳೆ ಬೆನ್ನಿಗೆ ಕೊಡೋ ಅರಿವಳಿಕೆ ಬದಲು, ನೋಡೋಕೆ ಹಾಗೇ ಇರೋ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟು ಪ್ರಾಣ ಹೋದ ಪ್ರಕರಣಗಳು ಅದರ ಮುಂದಿದ್ದವು. ಅದನ್ನು ಅರಿವಳಿಕೆ ಔಷಧಿಗಳ ಜೊತೆ ಇಡಲೇಬೇಡಿ ಅನ್ನೋದು ಸಂಸ್ಥೆಯ ಸಲಹೆ.

ಅಂದ್ರೆ ನರ್ಸ್ ಒಬ್ಬರನ್ನ ಅಮಾನತು ಮಾಡಿದ್ರೆ ಮುಗಿಯಲ್ಲ. ಅದೇ ಟ್ರೇ ಇದ್ರೆ ನಾಳೆ ಇನ್ನೊಬ್ಬರ ಕೈಯಲ್ಲೂ ಅದೇ ತಪ್ಪು ಆಗುತ್ತೆ. ಕಿರಾಣಿ ಅಂಗಡಿಯವರು ಸೋಡಾ ಪುಡಿ, ಇಲಿ ಪಾಷಾಣ ಒಂದೇ ಸಾಲಲ್ಲಿ ಇಡ್ತಾರಾ? ಇಲ್ಲೂ ಅಷ್ಟೇ. ಒಂದೇ ಥರ ಕಾಣೋ ಆಂಪೂಲ್‌ಗಳಿಗೆ ಬೇರೆ ಬೇರೆ ಖಾನೆ ಇರಲಿ. ತುಂಬಿದ ಕೂಡಲೇ ಸಿರಿಂಜ್ ಮೇಲೆ ಹೆಸರು, ಪ್ರಮಾಣ ಬರೀಬೇಕು. ಹೆಸರಿಲ್ಲದ ಸಿರಿಂಜ್ ಬಿಸಾಕಬೇಕು. ಡಾಕ್ಟರ್ ಹೇಳಿದ್ದನ್ನ ನರ್ಸ್ ಜೋರಾಗಿ ತಿರುಗಿ ಹೇಳಿ, ಆಂಪೂಲ್ ತೋರಿಸಿ, ಆಮೇಲೆ ಕೊಡಬೇಕು. ಇದಕ್ಕೆ ಬೇಕಾದದ್ದು ಪೆನ್ನು, ಸ್ಟಿಕ್ಕರ್, ನಾಲ್ಕು ಡಬ್ಬಿ.

ಜನರ ಪಾಲೂ ಇದೆ. ಕ್ರಿಮಿನಾಶಕದ ಡಬ್ಬಿ ಜೊತೆಗೇ ತನ್ನಿ. ಯಾವ ಔಷಧಿ ಆಗಿಬರಲ್ಲ ಅಂತ ಮೊದಲೇ ಹೇಳಿ. ಒಬ್ಬರು ಮಾತ್ರ ಪಕ್ಕದಲ್ಲಿರಿ. ಇಪ್ಪತ್ತು ಮಂದಿ ಸುತ್ತ ನಿಂತು ಕೂಗಾಡಿದ್ರೆ ಲೇಬಲ್ ಓದೋರ ಗಮನ ತಪ್ಪುತ್ತೆ. "ಇದು ಯಾವ ಇಂಜೆಕ್ಷನ್ ರೀ?" ಅಂತ ಮೆಲ್ಲಗೆ ಕೇಳೋದು ಜಗಳ ಅಲ್ಲ, ಅದೂ ಒಂದು ತಪಾಸಣೆಯೇ.